ಎರಡೂವರೆ ತಾಸಿನ ದಾರಿ

ಅಣ್ಣ ಮಸ್ಕತ್ತಿನಲ್ಲಿ ತೀರಿಕೊಂಡ ಸುದ್ದಿ ಬೆಳಿಗ್ಗೆ ಎಂಟಕ್ಕೆ ಬಂತು. ಮೊದಲು ಬಾಡಗಂಡಿ ಕಡೆ ಕ್ರೇನ್ ನಡೆಸುತ್ತಿದ್ದವನು ಅದೇ ಕೆಲಸ ಹಿಡಿದು ಅಲ್ಲಿಗೆ ಹೋಗಿ ನಾಲ್ಕು ವರ್ಷವಾಗಿತ್ತು. ಮಲಗಿದವನು ಏಳಲಿಲ್ಲವಂತೆ. ಹುನ್ನೂರಿನ ನಮ್ಮ ಮನೆಯ ಪಡಸಾಲೆ ಜನರಿಂದ ತುಂಬುವುದರೊಳಗೆ ಸೋದರಮಾವ ನನ್ನನ್ನು ಬದಿಗೆ ಕರೆದರು.

"ಎಷ್ಟ ದೂರಪಾ ಅದು?"

ಗೊತ್ತಿಲ್ಲ ಎಂದಿದ್ದರೆ ಆಗುತ್ತಿತ್ತು. ಓದಿದವನೆಂಬ ಸೊಕ್ಕು ಅಂಥ ಹೊತ್ತಿನಲ್ಲೂ ನನ್ನನ್ನು ಬಿಡಲಿಲ್ಲ. ಮೊಬೈಲ್ ತೆಗೆದು ನೋಡಿ ಹೇಳಿದೆ: "ಗೋವಾತನಕ ವಿಮಾನದಾಗ ಎರಡೂವರಿ ತಾಸ್ರೀ ಮಾವ. ಅಲ್ಲಿಂದ ಗಾಡ್ಯಾಗ ಆರು ತಾಸು."

ಮಾತು ಆಡಿದರೆ ಹೋಯಿತು. ಎರಡೂವರೆ ತಾಸೆಂದರೆ ನಮ್ಮೂರವರಿಗೆ ಬಾಗಲಕೋಟೆಯ ಬಸ್ಸು. ಮಾವ ಆಗಲೇ ಹೊಲಕ್ಕೆ ಆಳು ಕಳಿಸಿ ಕುಣಿ ತೋಡಿಸಿದರು. ನಮ್ಮಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಕೊಡುತ್ತಾರೆ. ಅಪ್ಪನ ಸಮಾಧಿಯ ಪಕ್ಕದಲ್ಲಿ, ಒಬ್ಬ ಮನುಷ್ಯ ಕಾಲು ಮಡಚಿ ಕೂರುವಷ್ಟು ಅಗಲಕ್ಕೆ ತೋಡಿದರು. ಅವ್ವ ಒಲೆ ಹೊತ್ತಿಸಗೊಡಲಿಲ್ಲ.

"ಸಂಜಿಕ ಬರ್ತಾನ. ಅವನ್ನ ಅವರಪ್ಪನ ಬಾಜೂಕ ಕುಂದ್ರಿಸಿ ಬರ್ರಿ, ಆಮ್ಯಾಲ ಉಣ್ತೀನಿ."

ಅವನು ಬಂದದ್ದು ಒಂಬತ್ತನೆಯ ದಿನ. ಆಸ್ಪತ್ರೆಯ ಚೀಟಿ, ಪೊಲೀಸರ ಚೀಟಿ, ಪಾಸ್‌ಪೋರ್ಟ್ ರದ್ದು ಮಾಡಿದ ಕಾಗದ, ಅರಬಿಯಲ್ಲಿದ್ದುದಕ್ಕೆಲ್ಲ ಇಂಗ್ಲಿಷಿನ ಪ್ರತಿ; ನಡುವೆ ಶುಕ್ರವಾರ, ಶನಿವಾರದ ರಜೆ. ಫೋನ್ ಮಾಡಿದಾಗಲೆಲ್ಲ ಅಣ್ಣನ ಜೊತೆಗಾರನೊಬ್ಬ ಹಿಂದಿಯಲ್ಲಿ ನಾಳೆ ಎನ್ನುತ್ತಿದ್ದ. ಅವನಾದರೂ ಏನು ಮಾಡಿಯಾನು. ಅವ್ವ ಎರಡನೆಯ ದಿನ ಚಹಾ ಕುಡಿದಳು, ಮೂರನೆಯ ದಿನ ಪಕ್ಕದ ಮನೆಯವರು ತಂದ ಗಂಜಿ. ರೊಟ್ಟಿ ಮುಟ್ಟಲಿಲ್ಲ. ದಿನಾ ಬೆಳಿಗ್ಗೆ ಒಂದೇ ಪ್ರಶ್ನೆ: "ಎರಡೂವರಿ ತಾಸು ಅಂದಿದ್ಯಲ್ಲೋ?" ಸಿಟ್ಟಿನಿಂದ ಕೇಳಿದ್ದರೆ ತಡೆದುಕೊಳ್ಳಬಹುದಿತ್ತು. ತನಗೇ ಸರಿಯಾಗಿ ಕೇಳಿಸಿರಲಿಲ್ಲವೇನೋ ಎಂಬಂತೆ ಕೇಳುತ್ತಿದ್ದಳು. ನನಗೆ ನನ್ನ ಮೇಲೇ ಹೇಸಿಗೆಯಾಗುತ್ತಿತ್ತು. ಹೊಲದ ಕುಣಿಯಲ್ಲಿ ದನ ಬೀಳಬಾರದೆಂದು ಮಾವ ತಗಡು ಮುಚ್ಚಿಸಿದರು.

ಒಂಬತ್ತನೆಯ ದಿನ ಮಧ್ಯಾಹ್ನ ಗಾಡಿ ಬಂದು ಮನೆ ಮುಂದೆ ನಿಂತಿತು. ಒಳಗೆ ಉದ್ದನೆಯ ಪೆಟ್ಟಿಗೆ. ಮೊಳೆ ಕಿತ್ತು ಮುಚ್ಚಳ ತೆಗೆದೆವು. ವಿಧಿ ಮಾಡಿಸಲು ಬಂದಿದ್ದ ಅಯ್ಯನವರು ಅಣ್ಣನ ಮೊಣಕಾಲಿಗೆ ಕೈ ಹಾಕಿ ಮಡಚಲು ನೋಡಿದರು. ಇನ್ನೊಮ್ಮೆ ನೋಡಿದರು. ಆಮೇಲೆ ಕೈ ತೆಗೆದು ಮಾವನಿಗೆ ಮೆಲ್ಲಗೆ ಹೇಳಿದರು: "ಕುಂದ್ರಸಾಕ ಬರೂದಿಲ್ರಿ. ಕೆಡಬಾರ್ದಂತ ಔಷಧ ಹಾಕ್ಯಾರ, ಮೈ ಸೆಟದೈತಿ. ಹಿಂಗs ಮಲಗಿಸಬೇಕು."

ಆಳುಗಳು ಕುಣಿಯನ್ನು ಉದ್ದ ಮಾಡಲು ಸಲಿಕೆ ಹಿಡಿದು ಮತ್ತೆ ಹೊಲಕ್ಕೆ ನಡೆದರು.

ಅವ್ವನಿಗೆ ಎಲ್ಲ ಕೇಳಿಸಿತ್ತು. ಅಳಲಿಲ್ಲ. ಪೆಟ್ಟಿಗೆಯ ಅಂಚು ಹಿಡಿದುಕೊಂಡೇ ನನ್ನ ಕಡೆ ತಿರುಗಿದಳು.

"ಹೋಗೂಮುಂದ ಎರಡೂವರಿ ತಾಸೂ ಕುಂತs ಹೋಗಿದ್ನಲ್ಲೋ," ಎಂದಳು.