ದೇಶಕ್ಕಾಗಿ ಬಿಟ್ಟ ಕಾಫಿ

ಅರವತ್ತರ ದಶಕದ ಮೊದಲ ವರ್ಷಗಳು. ಜಯನಗರದಲ್ಲಿ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚಿದ್ದವು. ನಾನು ಆಗ ಒಬ್ಬ ತತ್ವಜ್ಞಾನಿಯ ಶಿಷ್ಯ. ಮೇಷ್ಟ್ರು ಯೌವನದಲ್ಲಿ ಸ್ವಾತಂತ್ರ್ಯಕ್ಕಾಗಿ ಜೈಲು ಕಂಡವರು, ಆಮೇಲೆ ಕಾಲೇಜಿನಲ್ಲಿ ತತ್ವಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದವರು. ಭಾನುವಾರ ಬೆಳಗ್ಗೆ ತಮ್ಮ ಹೊಸ ಮನೆಯ ಜಗಲಿಯಲ್ಲಿ ಕೂತು ಹೇಳುತ್ತಿದ್ದರು: "ದೇಶ ಅನ್ನೋದು ಸೈಟ್ ಹಂಚಿ ಕಟ್ಟೋ ಬಡಾವಣೆ ಅಲ್ಲಪ್ಪ. ಹಿಂದಿನೋರ ನಡವಳಿಕೆಯಲ್ಲಿ ಬದುಕಿರುತ್ತೆ. ಒಂದು ಪದ್ಧತಿ ಯಾಕಿದೆ ಅಂತ ತಿಳಿಯೋವರೆಗೂ ಅದನ್ನ ಮುರೀಬೇಡಿ."

ಅವರ ಮನೆಯೂ ಹಾಗೆ ಹಂಚಿದ ಸೈಟಿನದೇ ಎಂದು ನನಗೆ ಹೊಳೆಯಲಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದು ಅಡಿಗೆರೆ ಎಳೆಯುವುದರಲ್ಲೇ ಮುಳುಗಿದ್ದೆ.

ಅಂಥ ಒಂದು ಭಾನುವಾರ ಮನೆಗೆ ನಡೆದು ಬರುವಾಗ, ಕಾಫಿ ಪರದೇಶದ್ದು, ಇನ್ನು ಮುಟ್ಟಬಾರದು ಎಂದು ನನಗೆ ನಾನೇ ತೀರ್ಮಾನಿಸಿದೆ. ಅಮ್ಮನಿಗೂ ಹೇಳಲಿಲ್ಲ. ಅದೇ ಸಂಜೆ ನಾವಿಬ್ಬರೂ ನಾಲ್ಕನೇ ಬ್ಲಾಕಿಗೆ ಹೆಣ್ಣು ನೋಡಲು ಹೋದೆವು.

ಹುಡುಗಿ ಕಾಫಿ ತಂದಳು. ನನ್ನ ಕೈಯಲ್ಲಿದ್ದ ನೋಟ್‌ಬುಕ್ ನೋಡಿ ನಗು ತಡೆದುಕೊಂಡಳು. ನನಗೆ ಅವಳು ಬಹಳ ಇಷ್ಟವಾದಳು. ಆದರೂ "ಬೇಡ, ನಾನು ಮುಟ್ಟಲ್ಲ" ಎಂದು ಲೋಟ ಹಿಂದಕ್ಕೆ ಸರಿಸಿದೆ. ನನ್ನ ತತ್ವನಿಷ್ಠೆಗೆ ಅವಳು ಮರುಳಾಗುತ್ತಾಳೆ ಎಂದೇ ನಂಬಿದ್ದೆ.

ವಾರ ಕಾದು, ನಾಚಿಕೆ ಬಿಟ್ಟು, ಆ ಸಂಬಂಧ ಏನಾಯ್ತೆಂದು ಅಮ್ಮನನ್ನು ಕೇಳಿದೆ.

"ನೀನೇ ಬೇಡ ಅಂದ್ಯಲ್ಲೋ! ಹುಡುಗಿ ತಂದ ಕಾಫಿ ಮುಟ್ಟಲಿಲ್ಲ ಅಂದ್ರೆ ಒಪ್ಪಿಗೆ ಇಲ್ಲ ಅಂತ ತಾನೇ? ಅವರಿಗೂ ಹಾಗೇ ಹೇಳಿ ಕಳಿಸಿದೆ."

ಸಂಪ್ರದಾಯ ಉಳಿಸಲು ಹೊರಟ ಮಹಾಶಯನಿಗೆ ಇಷ್ಟು ಸಂಪ್ರದಾಯ ಗೊತ್ತಿರಲಿಲ್ಲ. ಮೇಷ್ಟ್ರ ಮನೆಗೆ ಓಡಿದೆ. ಅವರು ಕಾಫಿ ಕುಡಿಯುತ್ತಿದ್ದರು.

"ಕಾಫಿ ಬಿಡಿ ಅಂತ ನಾನ್ಯಾವಾಗ ಹೇಳ್ದೆ? ನಮ್ಮಜ್ಜಿ ಕಾಲದಿಂದ ಕುಡೀತಿದ್ದೀವಿ. ನಾನು ಹೇಳಿದ್ದು ಏನು, ಓದಿ ನೋಡೋಣ."

"ಒಂದು ಪದ್ಧತಿ ಯಾಕಿದೆ ಅಂತ ತಿಳಿಯೋವರೆಗೂ ಅದನ್ನ ಮುರೀಬೇಡಿ" ಎಂದು ಓದಿದೆ. ಅಡಿಗೆರೆ ಎರಡೆರಡು ಸಲ ಎಳೆದಿದ್ದೆ. ಮೇಷ್ಟ್ರು ನಗಲಿಲ್ಲ, ಕೋಟು ಹಾಕಿಕೊಂಡು ನನ್ನ ಜೊತೆ ಹುಡುಗಿಯ ಮನೆಗೆ ಹೊರಟೇ ಬಿಟ್ಟರು.

ಬಾಗಿಲಲ್ಲೇ ಹುಡುಗಿಯ ತಂದೆ ಕೈ ಮುಗಿದರು. "ಬನ್ನಿ ಸಾರ್. ಮಗಳಿಗೆ ನಿನ್ನೇನೇ ನಿಶ್ಚಯ ಆಯ್ತು."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ತಳ್ಳಿದವನೂ ನಾನೇ. ಬಂದವರನ್ನು ಹಾಗೇ ಕಳಿಸಬಾರದೆಂದು ಅವಳೇ ಕಾಫಿ ತಂದಳು. ಮೇಷ್ಟ್ರಿಗೆ ಕೊಟ್ಟು ನನ್ನೆದುರು ತಡೆದು ನಿಂತಳು.

"ನೀವು ಮುಟ್ಟಲ್ಲ ಅಲ್ವಾ?"

"ಕುಡೀತೀನಿ, ಕೊಡಿ."

ನಾವಿಬ್ಬರೂ ಆಡಿದ ಮಾತು ಅಷ್ಟೇ. ಖಾಲಿ ಲೋಟ ತೆಗೆದುಕೊಳ್ಳಲು ಅವಳು ಅಲ್ಲೇ ನಿಂತಿದ್ದಳು. ಆದಷ್ಟು ನಿಧಾನವಾಗಿ ಕುಡಿದೆ.