ಕೇಬಲ್ಲಿನೊಳಗೆ ಬಂದ ನೀರು

ಕೊಳವೆಯನ್ನು ಬಿಚ್ಚುವ ಮೊದಲು ಅವಳು ಅದನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿದಳು. ಸದ್ದಿಲ್ಲ. ಹೊರಮೈಯನ್ನು ಒಣಬಟ್ಟೆಯಿಂದ ಒರೆಸಿ, ಮುಚ್ಚಳದ ತಿರುಪುಗಳನ್ನು ಒಂದೊಂದಾಗಿ ಸಡಿಲಿಸಿ, ಒಳಗಿಟ್ಟಿದ್ದ ಟಿಶ್ಯೂ ಕಾಗದವನ್ನು ಎರಡು ಬೆರಳಿನಿಂದ ಹೊರಗೆಳೆದಳು. ಕಾಗದದ ಮೇಲೆ ಪೆನ್ನಿನಿಂದ ಎಳೆದಿದ್ದ ನೀಲಿ ಗೆರೆ ಕದಡಿಹೋಗಿತ್ತು.

“ಮತ್ತೆ ಒದ್ದೆಯಾ?” ಬಾಗಿಲಲ್ಲಿ ನಿಂತಿದ್ದ ಗಂಡ ಕೇಳಿದ.

“ಮತ್ತೆ ಒದ್ದೆ.”

ಅವನು ಇನ್ನೇನೂ ಕೇಳಲಿಲ್ಲ. ಕೇಳದೆ ಇದ್ದದ್ದೇ ಅವಳಿಗೆ ಚುಚ್ಚಿತು.

ಬೀದಿಯವರು ಅವಳನ್ನು ಬೆಸುಗೆ ಅಕ್ಕ ಎಂದು ಕರೆಯುತ್ತಾರೆ. ಮದುವೆಗೆ ಮೊದಲು ರೇಡಿಯೋ ಕಾರ್ಖಾನೆಯಲ್ಲಿ ತಂತಿಗೆ ತಂತಿ ಬೆಸೆಯುವ ಸಾಲಿನಲ್ಲಿ ಕೂತಿದ್ದವಳು. ಕಾರ್ಖಾನೆ ಮುಚ್ಚಿದ ಮೇಲೆ ಆ ಕೆಲಸವನ್ನು ಮನೆಯ ಮುಂದಿನ ಕೋಣೆಗೆ ತಂದಳು. ಕಿಟಕಿಯ ಕೆಳಗೆ ಉದ್ದದ ಮೇಜು, ಮೇಜಿನ ಮೇಲೆ ಹೊಟ್ಟೆ ಸೀಳಿಸಿಕೊಂಡ ಮಿಕ್ಸರ್‌ಗಳು, ಮಾತು ಬಿಟ್ಟ ಫೋನುಗಳು, ಉಸಿರು ಹಿಡಿದ ಫ್ಯಾನುಗಳು. ಬೆಸುಗೆಯ ಹೊಗೆ ಕುಡಿದು ಗೋಡೆಯ ಒಂದು ಭಾಗ ಹಳದಿಗಟ್ಟಿದೆ. ಮುರಿದದ್ದನ್ನು ತಂದವರ ಮುಖ ನೋಡಿ ಅವಳು ನಗುವುದು ಕಡಿಮೆ. ವಸ್ತುವನ್ನು ನೋಡಿ ನಗುತ್ತಾಳೆ, “ಏನಾಯ್ತೋ ನಿಂಗೆ” ಎಂದು ಅದನ್ನೇ ವಿಚಾರಿಸಿಕೊಳ್ಳುತ್ತಾಳೆ.

ಗಂಡನಿಗೆ ಬೀದಿ ಇಟ್ಟ ಹೆಸರು ನೀರುಕೋಳಿ. ಊರಿಗೆ ನೀರು ಕೊಡುವ ಜಲಾಶಯದ ತಳದಲ್ಲಿ ಒಂದು ದೊಡ್ಡ ಕಬ್ಬಿಣದ ಜಾಲರಿಯಿದೆ. ಪಂಪುಗಳು ನೀರು ಹೀರುವುದು ಅದರ ಮೂಲಕ. ಜಾಲರಿಗೆ ಕಸ ಕಟ್ಟಿಕೊಂಡಾಗಲೆಲ್ಲ ಸೊಂಟಕ್ಕೆ ಸೀಸದ ಪಟ್ಟಿ ಬಿಗಿದು, ಕೈಯಲ್ಲಿ ಹಗ್ಗ ಹಿಡಿದು ಇಳಿಯುತ್ತಿದ್ದವನು ಅವನೇ. ಕಳೆದ ಸಲ ಮೇಲೆ ಬಂದಾಗ ಎಡಗಿವಿಯಿಂದ ರಕ್ತ ಸೋರುತ್ತಿತ್ತು. ವೈದ್ಯರು ಕಿವಿಯೊಳಗೆ ದೀಪ ಹಾಕಿ ನೋಡಿ, ತಮಟೆ ತೂತಾಗಿದೆ ಎಂದರು. ತಣ್ಣೀರು ಒಳಗೆ ನುಗ್ಗಿದರೆ ತಲೆ ಸುತ್ತುತ್ತದೆ, ಮೇಲೆ ಯಾವುದು ಕೆಳಗೆ ಯಾವುದು ಎಂದು ತಿಳಿಯುವುದಿಲ್ಲ, ಮೇಲೇರುತ್ತಿದ್ದೇನೆ ಎಂದುಕೊಂಡೇ ಮನುಷ್ಯ ತಳಕ್ಕೆ ಈಜುತ್ತಾನೆ. ಇನ್ನು ಇಳಿಯಬಾರದು.

“ಆಯ್ತು ಡಾಕ್ಟ್ರೇ,” ಎಂದು ಅವನು ತಲೆ ಅಲ್ಲಾಡಿಸಿ ಬಂದ. ಆದರೆ ಮುಳುಗುವ ಅಂಗಿಯನ್ನು ಪೆಟ್ಟಿಗೆಗೆ ಹಾಕಲಿಲ್ಲ. ಅದು ನಡುಮನೆಯ ಗೂಟದಲ್ಲೇ ತೂಗಾಡುತ್ತಿತ್ತು. ದಿನವೂ ಅದರ ಮುಂದೆ ಓಡಾಡುತ್ತ ಅವಳು ಒಂದು ತೀರ್ಮಾನಕ್ಕೆ ಬಂದಳು: ಇವನ ಬದಲು ಕೆಳಗೆ ಹೋಗುವುದನ್ನು ಏನಾದರೂ ಮಾಡಬೇಕು.

ಮಾಡಿದಳು. ದೋಣಿಯಿಂದ ನೀರು ಹೊರಹಾಕುವ ಪುಟ್ಟ ಪಂಪುಗಳ ಮೋಟಾರುಗಳು, ಪ್ಲಾಸ್ಟಿಕ್ ಪೈಪಿನ ಚೌಕಟ್ಟು, ಮುಂದೊಂದು ಕಬ್ಬಿಣದ ಕೊಕ್ಕೆ. ನಡುವೆ ಪಾರದರ್ಶಕ ಕೊಳವೆ, ಅದರೊಳಗೆ ಕ್ಯಾಮೆರಾ ಮತ್ತು ಮೋಟಾರುಗಳನ್ನು ಆಳುವ ಎಲೆಕ್ಟ್ರಾನಿಕ್ಸ್. ಕೊಳವೆಯ ಹಿಂದಿನಿಂದ ಹೊರಟ ಉದ್ದನೆಯ ಕೇಬಲ್ ದಡದ ಮೇಲಿನ ಪರದೆಯವರೆಗೆ ಬರುತ್ತದೆ. ಯಂತ್ರ ಈಜುವುದು ಕಷ್ಟವಾಗಿರಲಿಲ್ಲ. ಆ ಕೊಳವೆಯೊಳಗೆ ಒಂದು ಹನಿ ನೀರೂ ಹೋಗದಂತೆ ಕಾಯುವುದು, ಅದೊಂದೇ ವರ್ಷವಿಡೀ ಅವಳ ನಿದ್ದೆ ತಿಂದದ್ದು.

ಆಳದ ನೀರಿನ ಒತ್ತಡ ಮನೆಯ ಬಕೆಟ್ಟಿನಲ್ಲಿ ಸಿಗುವುದಿಲ್ಲ. ಹಾಗಾಗಿ ಅಡುಗೆಮನೆಯ ಕುಕ್ಕರ್ ಮೇಜಿಗೆ ಬಂತು. ನೀರು ತುಂಬಿಸಿ, ಕೊಳವೆಯನ್ನು ಮುಳುಗಿಸಿ, ಮುಚ್ಚಳ ಬಿಗಿದು, ಸೈಕಲ್ ಪಂಪಿನಿಂದ ಗಾಳಿ ಒತ್ತಿ ಕಾಯುವುದು. ಕೇಬಲ್ ಪೂರ್ತಿ ಕುಕ್ಕರಿಗೆ ಹಿಡಿಯದು. ಗೇಣುದ್ದದ ತುಂಡನ್ನು ಸಿಕ್ಕಿಸಿ, ಅದರ ತುದಿಗೆ ಮೇಣ ಮೆತ್ತಿ ಒಳಗಿಡುತ್ತಿದ್ದಳು.

“ಇವತ್ತಾದ್ರೂ ಬೆಂದಿದೆಯೇನಮ್ಮ ನಿನ್ನ ಮೀನು?” ಅತ್ತೆ ಬಂದು ಇಣುಕುತ್ತಿದ್ದರು. “ಬೆಂದಿದ್ರೆ ಕುಕ್ಕರ್ ಬಿಟ್ಟುಕೊಡು. ಮನೆಯಲ್ಲಿ ಹೊಟ್ಟೆ ಇರೋ ಜನಾನೂ ಇದ್ದೀವಿ.”

ಕುಕ್ಕರಿನಲ್ಲಿ ಕೊಳವೆ ಪ್ರತಿಸಲವೂ ಗೆದ್ದಿತು. ಕಾಗದ ಗರಿಗರಿಯಾಗಿ ಹೊರಬರುತ್ತಿತ್ತು. ಆದರೆ ಊರಾಚೆಯ ಹಳೆಯ ಕಲ್ಲುಕ್ವಾರಿಯ ಹೊಂಡಕ್ಕೆ ಇಳಿಸಿದರೆ ಸೋಲು. ರಬ್ಬರ್ ಉಂಗುರ ಬದಲಿಸಿದಳು, ಗ್ರೀಸು ಬದಲಿಸಿದಳು, ಕೇಬಲ್ ಒಳಹೋಗುವ ತೂತಿಗೆ ಸುತ್ತಲೂ ರಾಳ ಸುರಿದು ಕಲ್ಲಿನಂತೆ ಗಟ್ಟಿ ಮಾಡಿದಳು. ಆದರೂ ಒದ್ದೆ. ಮನೆಯಲ್ಲಿ ಹುಲಿ, ಹೊಂಡದಲ್ಲಿ ಇಲಿ.

ಇಂದು ಬೆಳಿಗ್ಗೆ ಪಂಪ್‌ಹೌಸಿನ ಸೂಪರ್‌ವೈಸರ್ ಬಂದು ಮೇಜಿನ ಮುಂದಿನ ಸ್ಟೂಲಿನ ಮೇಲೆ ಕೂತಿದ್ದ. ಒಳ್ಳೆಯ ಮನುಷ್ಯ, ಕೆಟ್ಟ ಸುದ್ದಿ ಹೇಳುವಾಗ ತನ್ನ ಟೋಪಿಯನ್ನೇ ತಿರುವುತ್ತ ಕೂರುತ್ತಾನೆ.

“ಜಾಲರಿಗೆ ಏನೋ ದೊಡ್ಡದು ಅಡ್ಡ ಬಿದ್ದಿದೆ ಅಕ್ಕ. ಅರ್ಧ ನೀರೂ ಬರ್ತಿಲ್ಲ. ಆಸ್ಪತ್ರೆಯ ಟ್ಯಾಂಕೂ ಅದೇ ಪೈಪಿಂದ ತುಂಬಬೇಕು. ಬೇರೆ ಕಡೆಯಿಂದ ಮುಳುಗೋರನ್ನ ಕರೆಸೋಕೆ ವಾರ ಬೇಕು. ನಾಳೆ ಬೆಳಿಗ್ಗೆ ಪಂಪ್ ನಿಲ್ಲಿಸ್ತೀನಿ.” ಟೋಪಿ ಮತ್ತೊಂದು ಸುತ್ತು ತಿರುಗಿತು. “ನಿಮ್ಮ ಯಂತ್ರ ಹೋದ್ರೆ ನಂಗೂ ಸಮಾಧಾನ. ಇಲ್ಲದಿದ್ರೆ…”

“ಇಲ್ಲದಿದ್ರೆ ನಾನಿದ್ದೀನಲ್ಲ,” ಎಂದಿದ್ದ ಗಂಡ, ಅಷ್ಟೇ ಸಲೀಸಾಗಿ.

ಅದಾದ ಮೇಲೆ ಕ್ವಾರಿಯಲ್ಲಿ ಕೊನೆಯ ಪರೀಕ್ಷೆ ನಡೆದಿತ್ತು. ಈಗ ಈ ಕದಡಿದ ನೀಲಿ ಗೆರೆ.

ಅವಳು ಕೊಳವೆಯನ್ನು ಮೇಜಿನ ಮೇಲಿಟ್ಟು ಬಹಳ ಹೊತ್ತು ಅದನ್ನೇ ನೋಡಿದಳು. ಕುಕ್ಕರಿಗೆ ಹೋಗುವುದೇನು, ಹೊಂಡಕ್ಕೆ ಹೋಗುವುದೇನು? ಕೊಳವೆ ಎರಡೂ ಕಡೆ ಅದೇ. ಮುಚ್ಚಳ ಅದೇ. ಬೇರೆಯಾಗಿರುವುದು ಒಂದೇ, ಕೇಬಲ್.

ಬಚ್ಚಲಿನ ತೊಟ್ಟಿ ತುಂಬಿಸಿದಳು. ಯಂತ್ರವನ್ನು ಹೊರಗಿಟ್ಟು, ಕೇಬಲ್ಲಿನ ಸುರುಳಿಯನ್ನಷ್ಟೇ ನೀರಿಗಿಳಿಸಿ, ದಡದ ಕಡೆಯ ತುದಿಗೆ ಸೈಕಲ್ ಪಂಪಿನ ರಬ್ಬರ್ ನಳಿಗೆ ಬಿಗಿದು ಒತ್ತಿದಳು. ಮೊದಲು ಏನೂ ಇಲ್ಲ. ಇನ್ನಷ್ಟು ಒತ್ತಿದಳು. ಸುರುಳಿಯ ಒಂದು ಕಡೆಯಿಂದ ಸಾಸಿವೆಯಷ್ಟು ಸಣ್ಣ ಗುಳ್ಳೆ ಮೇಲೆದ್ದಿತು. ಅದರಾಚೆ ಇನ್ನೊಂದು. ಮತ್ತೊಂದು. ನೀರಿನೊಳಗೆ ಕೈಯಿಟ್ಟು ಒಂದು ಗುಳ್ಳೆಯ ಮೂಲದಿಂದ ಇನ್ನೊಂದರ ಮೂಲದವರೆಗೆ ಕೇಬಲ್ಲನ್ನು ಎರಡು ತೋಳು ಚಾಚಿ ಹಿಡಿದಳು. ಹೆಚ್ಚುಕಡಿಮೆ ಒಂದು ಮಾರು. ಅವಳ ಮಾರಿಗಿಂತ ಸ್ವಲ್ಪ ಉದ್ದ. ತನಗಿಂತ ಉದ್ದ ತೋಳಿನವರು ಅಳೆದದ್ದು.

ಕೇಬಲ್ಲಿನ ಹೊರಸಿಪ್ಪೆಯಲ್ಲಿ ಚಾಕುವಿನ ಕಚ್ಚು ಕಣ್ಣಿಗಿಂತ ಮೊದಲು ಬೆರಳಿಗೆ ಸಿಕ್ಕಿತು. ಕಚ್ಚಿನಿಂದ ನುಗ್ಗಿದ ನೀರು ಸಿಪ್ಪೆಗೂ ತಂತಿಗಳಿಗೂ ನಡುವಿನ ಸಂದಿಯಲ್ಲೇ ನಡೆದು, ಎಲ್ಲ ಮುಚ್ಚಳ, ಎಲ್ಲ ಉಂಗುರಗಳನ್ನು ತಪ್ಪಿಸಿ, ನೇರ ಕೊಳವೆಯೊಳಕ್ಕೆ ಬರುತ್ತಿತ್ತು. ಅವಳು ಬಾಗಿಲು ಕಾಯುತ್ತ ಕೂತಿದ್ದರೆ ಕಳ್ಳ ಅಂಗಳದಿಂದಲೇ ಸುರಂಗ ತೋಡಿದ್ದ.

“ರೀ, ಇಲ್ಲಿ ಬನ್ನಿ,” ಎಂದಳು. ದನಿ ಏರಲಿಲ್ಲ. “ಇದಕ್ಕೆ ಚಾಕು ಹಾಕಿದ್ದು ಯಾರು?”

ಗಂಡ ತೊಟ್ಟಿಯೊಳಗೆ ಬಗ್ಗಿ ನೋಡಿದ. “ನಾನೇ. ಗುರುತು ಹಾಕಿದೆ. ಮಾರಿಗೊಂದು ಕಚ್ಚು. ನನ್ನ ಹಗ್ಗಕ್ಕೂ ಹಾಗೇ ಹಾಕ್ತೀನಲ್ಲ. ದಡದಲ್ಲಿ ನಿಂತು ಇದನ್ನ ಇಳಿಸೋನು ನಾನು ತಾನೇ? ಎಷ್ಟು ಆಳ ಹೋಯ್ತು ಅಂತ ಬೆರಳಿಗೆ ಗೊತ್ತಾಗಬೇಡ್ವಾ?”

“ಒಂದು ಮಾತು ಕೇಳಬಾರದಿತ್ತಾ?”

“ಯಾರನ್ನ ಕೇಳಲಿ? ನೀನು ಕುಕ್ಕರ್ ಮುಂದೆ ತಪಸ್ಸಿಗೆ ಕೂತಿದ್ದೆ. ಸಿಪ್ಪೆಗಷ್ಟೇ ತಾಗಿಸಿದ್ದು ಕಣೇ, ಒಳಗಿನ ತಂತಿ ಮುಟ್ಟಿಲ್ಲ.”

“ಸಿಪ್ಪೆಯಲ್ಲೇ ನೀರು ಬಂದದ್ದು.” ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. “ನಿಜ ಹೇಳಿ. ಅನುಕೂಲ ಆಗಲಿ ಅಂತ ಹಾಕಿದ್ರಾ, ಇದು ಹಾಳಾಗಲಿ ಅಂತ ಹಾಕಿದ್ರಾ?”

ಅವನು ಬಚ್ಚಲಿನ ಹೊಸ್ತಿಲ ಮೇಲೆ ಕೂತುಬಿಟ್ಟ.

“ಹಾಕುವಾಗ ಅನುಕೂಲಕ್ಕೇ ಹಾಕಿದೆ. ಕಚ್ಚಿನಿಂದ ಹೀಗಾಗುತ್ತೆ ಅಂತ ದೇವರಾಣೆ ಗೊತ್ತಿರಲಿಲ್ಲ. ಆದ್ರೆ ಪ್ರತಿಸಲ ಒದ್ದೆ ಬಂದಾಗ… ನಂಗೆ ಬೇಜಾರಾಗಲಿಲ್ಲ. ಅಷ್ಟು ಮಾತ್ರ ನಿಜ.”

ಅಡುಗೆಮನೆಯಿಂದ ಅತ್ತೆಯ ದನಿ ಬಂತು: “ಇವನಿಗೆ ದೇವರು ಉಸಿರು ಕೊಟ್ಟ, ಬುದ್ಧಿ ಕೊಡೋಕೆ ಮರೆತ. ಹೋಗ್ಲಿ, ಸುಳ್ಳು ಹೇಳೋಕಾದ್ರೂ ಕಲಿಸಿದ್ನಾ ಅಂದ್ರೆ ಅದೂ ಇಲ್ಲ.”

ಅವಳು ಕೇಬಲ್ಲನ್ನು ತೊಟ್ಟಿಯಿಂದ ಎಳೆದು ಮುಂದಿನ ಕೋಣೆಗೆ ಒಯ್ದಳು. ಸ್ವಲ್ಪ ಹೊತ್ತಿಗೆ ಅವನೂ ಬಂದು ಎದುರಿಗೆ ಕೂತು, ಹೇಳಿಸಿಕೊಳ್ಳದೆಯೇ ಟೇಪಿನ ಸುರುಳಿ ಎತ್ತಿಕೊಂಡು, ಒಂದೊಂದೇ ಕಚ್ಚನ್ನು ಒಣಗಿಸಿ ಬಿಗಿಯಾಗಿ ಸುತ್ತತೊಡಗಿದ. ಟೇಪಿನಿಂದ ನೀರು ನಿಲ್ಲುವುದಿಲ್ಲವೆಂದು ಅವಳಿಗೆ ಗೊತ್ತು. ಹೊಸ ಕೇಬಲ್ ತರಿಸಲು ಸಮಯವಿಲ್ಲ. ಉಳಿದ ದಾರಿ ಒಂದೇ: ಕೊಳವೆಯ ಬಾಯಿಗೆ ಬರುವ ಮೊದಲು ನೀರಿನ ಹಾದಿಗೆ ಗೋಡೆ ಕಟ್ಟಬೇಕು.

ಕೊಳವೆಯ ಹಿಂದೆ ಬೆರಳುದ್ದ ಸಿಪ್ಪೆಯನ್ನು ಪೂರ್ತಿ ಸುಲಿದಳು. ಒಳಗಿನ ಬಣ್ಣದ ತಂತಿಗಳನ್ನು ಹೂವಿನ ಎಸಳಿನಂತೆ ಬಿಡಿಸಿ, ಬಿಸಿಗಾಳಿ ಊದಿ ಒಣಗಿಸಿದಳು. ಸುತ್ತ ಪ್ಲಾಸ್ಟಿಕ್ಕಿನ ಸಣ್ಣ ಬಟ್ಟಲು ಕಟ್ಟಿ, ರಾಳದ ಎರಡು ಪಾಲನ್ನು ಬೆರೆಸಿ, ಗುಳ್ಳೆ ಕೂರದಂತೆ ದಾರದಂತೆ ಸಣ್ಣಗೆ ಸುರಿದಳು. ತಂತಿ ತಂತಿಯ ನಡುವೆಯೂ ರಾಳ ಇಳಿಯಬೇಕು. ಬಟ್ಟಲಿನ ಮೇಲೆ ಬಲ್ಬಿನ ಕಾವು ಹಿಡಿದಳು. ಕೊಳವೆಯೊಳಗಿನ ತಳದಲ್ಲಿ ಎರಡು ಬರಿ ತಂತಿಗಳ ತುದಿಗಳನ್ನು ಪಕ್ಕಪಕ್ಕ ಇಟ್ಟಳು. ನೀರು ಅವೆರಡನ್ನು ಮುಟ್ಟಿದರೆ ದಡದ ಪರದೆಯ ಪಕ್ಕ ಕೆಂಪು ದೀಪ ಹೊತ್ತುತ್ತದೆ. ಇನ್ನು ಕಾಯುವುದು ಬಿಟ್ಟು ಮಾಡುವುದೇನೂ ಇರಲಿಲ್ಲ.

ಮರುದಿನ ಬೆಳಿಗ್ಗೆ ರಾಳದ ಮೇಲೆ ಹೆಬ್ಬೆರಳಿನ ಉಗುರು ಒತ್ತಿ ನೋಡಿದಳು. ಗುರುತು ಮೂಡಿತು.

“ಇನ್ನೂ ಹಸಿ,” ಎಂದಳು.

ಗಂಡ ಗೂಟದಿಂದ ಅಂಗಿಯನ್ನು ತೆಗೆದು ಚೀಲಕ್ಕೆ ತುಂಬಿಕೊಳ್ಳುತ್ತಿದ್ದ. “ತಗೊಂಡಿರ್ತೀನಿ. ಇರಲಿ ಅಂತ.”

ಪಂಪ್‌ಹೌಸಿನ ಬದಿಯ ಕಾಂಕ್ರೀಟು ಕಟ್ಟೆಯ ಮೇಲೆ ಸಣ್ಣ ಕ್ರೇನು ನಿಂತಿತ್ತು. ಅದರ ಉಕ್ಕಿನ ಹಗ್ಗದ ತುದಿಯನ್ನು ಯಂತ್ರದ ಕೊಕ್ಕೆಗೆ ಸೇರಿಸಿದರು. ಕೊಕ್ಕೆ ಕೆಳಗೆ ಏನನ್ನಾದರೂ ಹಿಡಿದುಕೊಂಡರೆ ಯಂತ್ರದಿಂದ ಕಳಚಿಕೊಂಡು ಕ್ರೇನಿನ ಜೊತೆ ಮೇಲೆ ಬರುತ್ತದೆ. ಸೂಪರ್‌ವೈಸರ್ ಪಂಪು ನಿಲ್ಲಿಸಿದ. ಇದ್ದಕ್ಕಿದ್ದಂತೆ ಕವಿದ ನಿಶ್ಶಬ್ದದಲ್ಲಿ ನೀರು ಕಟ್ಟೆಗೆ ತಾಗುವ ಸದ್ದಷ್ಟೇ ಉಳಿಯಿತು.

ಗಂಡ ಕೇಬಲ್ ಬಿಡುತ್ತ ಹೋದ. ಅವಳು ಪರದೆಯ ಮುಂದೆ ಮೊಣಕಾಲೂರಿ, ಆಟಿಕೆ ಕಾರಿನಿಂದ ಕಿತ್ತ ಹಿಡಿಕೆಯನ್ನು ಎರಡೂ ಹೆಬ್ಬೆರಳುಗಳಲ್ಲಿ ಹಿಡಿದಿದ್ದಳು. ಪರದೆಯಲ್ಲಿ ಹಸಿರು ನೀರು ಕಂದಾಯಿತು, ಕಂದು ಕಪ್ಪಾಯಿತು. ಯಂತ್ರದ ದೀಪದ ಬೆಳಕಿನಲ್ಲಿ ಧೂಳು ತೇಲಿತು. ಆಮೇಲೆ ಕಬ್ಬಿಣದ ಸರಳುಗಳು. ಸರಳುಗಳ ಮೇಲೆ ಹರಿದ ದೊಡ್ಡ ಮೀನುಬಲೆ, ಬಲೆಯೊಳಗೆ ಸಿಕ್ಕ ಮರದ ಬೊಡ್ಡೆ.

“ಬಲೆ,” ಎಂದ ಗಂಡ ಹಿಂದಿನಿಂದ. “ಕೈಯಾದ್ರೆ ಬೇಗ ಬಿಡಿಸಬಹುದು.”

“ಮಾತಾಡಬೇಡಿ.”

ಕೊಕ್ಕೆಯನ್ನು ಬಲೆಯ ಅಂಚಿನ ದಪ್ಪ ಹಗ್ಗದ ಕಡೆಗೆ ನಡೆಸಿದಳು. ಕೊಕ್ಕೆ ಜಾರಿತು. ಕೆಸರೆದ್ದು ಪರದೆ ಮಸುಕಾಯಿತು. ಕೆಸರು ಕೂರುವವರೆಗೆ ಕಾಯುತ್ತಿರುವಾಗ ಪರದೆಯ ಪಕ್ಕದ ಕೆಂಪು ದೀಪ ಒಮ್ಮೆ ಮಿಣುಕಿ ಆರಿತು.

“ಅಕ್ಕ, ದೀಪ,” ಎಂದ ಸೂಪರ್‌ವೈಸರ್.

ಅವಳು ನೋಡಿದ್ದಳು. ಈಗಲೇ ಎಳೆದುಕೊಂಡರೆ ಯಂತ್ರ ಉಳಿಯುತ್ತದೆ. ಬಿಚ್ಚಿ, ಒಣಗಿಸಿ, ರಾಳ ಗಟ್ಟಿಯಾದ ಮೇಲೆ ಇನ್ನೊಮ್ಮೆ ಇಳಿಸಬಹುದು. ಆದರೆ ಬಲೆ ಕೆಳಗೇ ಇರುತ್ತದೆ, ಗಂಡನ ಅಂಗಿಯ ಚೀಲ ಪಕ್ಕದಲ್ಲೇ ಇದೆ. ಹಿಂದೆ ಚೀಲದ ಜಿಪ್ ಸರಿದ ಸದ್ದು ಕೇಳಿಸಿತು. ಅವಳು ತಿರುಗಲಿಲ್ಲ. ಹೆಬ್ಬೆರಳನ್ನು ಮುಂದಕ್ಕೆ ಒತ್ತಿದಳು. ದೀಪ ಮತ್ತೆ ಹೊತ್ತಿತು, ಈ ಸಲ ಆರಲಿಲ್ಲ. ಕೊಕ್ಕೆಯ ಮೂತಿ ಹಗ್ಗದ ಕೆಳಗೆ ತೂರಿತು. ಪರದೆಯ ಮೇಲೆ ಅಡ್ಡಗೆರೆಗಳು ಓಡಿದವು. ಕೊಕ್ಕೆ ಹಗ್ಗವನ್ನು ಹಿಡಿದದ್ದನ್ನು ಕಂಡಳೋ, ಕಂಡೆನೆಂದುಕೊಂಡಳೋ, ಅಷ್ಟರಲ್ಲಿ ಚಿತ್ರ ಆರಿಹೋಯಿತು.

“ಎಳೀರಿ.”

ಕ್ರೇನಿನ ಹಗ್ಗ ಬಿಗಿದು ನಡುಗಿತು. ಕ್ಷಣಹೊತ್ತು ಏನೂ ಕದಲಲಿಲ್ಲ. ಆಮೇಲೆ ನೀರು ಕುದಿದಂತೆ ಉಕ್ಕಿ, ಲೋಳೆ ಸುರಿಸುತ್ತ ಬಲೆ ಮೇಲೆ ಬಂತು, ಬೊಡ್ಡೆಯ ಸಮೇತ. ಸೂಪರ್‌ವೈಸರ್ ಟೋಪಿಯನ್ನು ತಲೆಗೆ ಹಾಕಿಕೊಂಡ.

ಬಲೆ ಬಂತು, ಯಂತ್ರ ಬರಲಿಲ್ಲ. ಗಂಡ ಕೇಬಲ್ ಎಳೆದ; ತಂತಿವಾದ್ಯದ ತಂತಿಯಂತೆ ಅದು ಬಿಗಿದು ನಿಂತಿತು.

“ಸರಳಿಗೆ ಸಿಕ್ಕಿಕೊಂಡಿದೆ,” ಎಂದ. ಒಂದು ಶೂ ಆಗಲೇ ಕಳಚಿದ್ದ. “ಪಂಪ್ ನಿಂತೇ ಇರಲಿ. ಐದು ನಿಮಿಷದ ಕೆಲಸ. ನಿನ್ನ ಒಂದು ವರ್ಷ ಅಲ್ಲಿ ಕೂತಿದೆ ಕಣೇ. ನಾನು ಮಾಡಿದ ತಪ್ಪಿಗೆ ನಾನೇ ತರ್ತೀನಿ.”

“ಬೇಡ.”

“ಕೇಬಲ್ ಹಿಡಿದೇ ಇಳಿದು ಹಿಡಿದೇ ಬರ್ತೀನಿ. ತಲೆ ಸುತ್ತಿದ್ರೂ ಕೈಯಲ್ಲಿ ದಾರಿ ಇರುತ್ತಲ್ಲ.”

ಅವನ ಮಾತಿನಲ್ಲಿ ತರ್ಕವಿತ್ತು. ಅದೇ ಅವಳನ್ನು ಹೆದರಿಸಿತು. ಸಲಕರಣೆಯ ಪೆಟ್ಟಿಗೆಯಿಂದ ತಂತಿ ಕತ್ತರಿಸುವ ಇಕ್ಕಳ ತೆಗೆದಳು, ಕಟ್ಟೆಯ ಅಂಚಿಗೆ ಹೋಗಿ, ಅವನ ಕೈಗೂ ನೀರಿಗೂ ನಡುವೆ ಬಿಗಿದಿದ್ದ ಕೇಬಲ್ಲಿಗೆ ಇಕ್ಕಳದ ಬಾಯಿ ಇಟ್ಟು ಎರಡೂ ಕೈಯಿಂದ ಅದುಮಿದಳು. ಒಂದೇ ಸಲಕ್ಕೆ ತುಂಡಾಗಲಿಲ್ಲ. ಇನ್ನೊಮ್ಮೆ ಅದುಮಿದಳು. ತುದಿ ಹಾವಿನಂತೆ ನೀರಿಗೆ ಜಾರಿ, ಸುತ್ತಿಕೊಳ್ಳುತ್ತ ಕಾಣದಾಯಿತು.

ಅವನು ಕೈಯಲ್ಲಿ ಉಳಿದ ತುಂಡನ್ನು ನೋಡಿದ. ಅವಳನ್ನು ನೋಡಲಿಲ್ಲ. ಶೂ ಕೈಯಲ್ಲಿ ಹಿಡಿದೇ ಕಟ್ಟೆಯ ಮೇಲೆ ಕೂತ.

ಸೂಪರ್‌ವೈಸರ್ ಪಂಪ್‌ಹೌಸಿನೊಳಗೆ ಸ್ವಿಚ್ಚಿನ ಮೇಲೆ ಕೈಯಿಟ್ಟು ಕಾಯುತ್ತಿದ್ದ. ಅಲ್ಲಿ ಒಂದು ಪದ್ಧತಿ. ನೀರಿನೊಳಗಿದ್ದವರು ಪಂಪಿನ ಸೆಳೆತಕ್ಕೆ ಸಿಗದಿರಲೆಂದು, ದಡದಲ್ಲಿ ಹಗ್ಗ ಹಿಡಿದವರು ಕೂಗಿ ಹೇಳದ ಹೊರತು ಪಂಪು ಹಾಕುವುದಿಲ್ಲ. ಇಷ್ಟು ವರ್ಷ ದಡದಲ್ಲಿ ಹಗ್ಗ ಹಿಡಿದು ನಿಂತು, ಗಂಡ ಮೇಲೆ ಬಂದು ತಲೆ ಒರೆಸಿಕೊಳ್ಳುವಾಗ ಆ ಮಾತನ್ನು ಕೂಗುತ್ತಿದ್ದವಳು ಅವಳು. ಇಂದು ಹಗ್ಗದ ಬದಲು ಕೇಬಲ್ ಹಿಡಿದು ದಡದಲ್ಲಿದ್ದವನು ಅವನು. ಅವಳು ಬಾಯಿ ತೆರೆಯಲಿಲ್ಲ. ಆ ಮಾತು ಅವನಿಂದಲೇ ಬರಬೇಕಿತ್ತು.

ನೀರಿನ ಮೇಲಿನ ಕದಡು ನಿಧಾನವಾಗಿ ತಿಳಿಯಾಯಿತು. ಅವನು ಅದನ್ನೇ ನೋಡುತ್ತಿದ್ದ. ಆಮೇಲೆ ಕೇಬಲ್ಲಿನ ತುಂಡನ್ನು ಕೆಳಗಿಟ್ಟು, ಪಂಪ್‌ಹೌಸಿನ ಬಾಗಿಲ ಕಡೆ ಮುಖ ತಿರುಗಿಸಿ ಕೂಗಿದ:

“ಹಾಕಿ. ಕೆಳಗೆ ಯಾರೂ ಇಲ್ಲ.”