ಸಂಕಪ್ಪಣ್ಣನ ಒಂದೂವರೆ ರನ್

ಅರಬಿ ನಾಡಿನ ಇಬ್ರಾ ಪೇಟೆಯ ನಮ್ಮ ಟೈರ್ ಅಂಗಡಿಯ ಸ್ಟೋರ್‌ಕೀಪರ್ ಸಂಕಪ್ಪಣ್ಣನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಬೆಳಗಿನ ಚಹಾದ ಹೊತ್ತಿಗೆ ಅವರು ಮೊಬೈಲಿನಲ್ಲಿ ಅಮೆರಿಕದ ಬೇಸ್‌ಬಾಲ್ ಹಾಕಿದರೆ ಸಾಕು, ನನ್ನ ಮಾತು ಕೇಳುತ್ತಿದ್ದವರೆಲ್ಲ ಎದ್ದು ಅವರನ್ನು ಸುತ್ತುವರಿಯುತ್ತಾರೆ. “ಬಲ ಇದ್ದ ಟೀಮಿನ ಮೇಲೆ ಪಂಥ ಕಟ್ಟಿದ್ರೆ ಅದು ಬರೇ ಗೆದ್ರೆ ಸಾಲ್ದು ಮಾರಾಯ್ರೇ, ಎರಡು ರನ್ನಾದ್ರೂ ಹೆಚ್ಚು ಬೇಕು. ಬಡಪಾಯಿ ಟೀಮಿಗೆ ಒಂದೂವರೆ ರನ್ ಮೊದ್ಲೇ ಕೊಟ್ಟಾಯ್ತಲ್ಲ, ಅದ್ರ ಮೇಲೆ ಕಟ್ಟಿದ್ರೆ ಅದು ಒಂದೇ ರನ್ನಿಂದ ಸೋತ್ರೂ ಪಂಥ ನಮ್ದೇ, ಖಲಾಸ್!” ಎನ್ನುತ್ತಾರೆ. ಅರಬಿ ಗಿರಾಕಿಗೂ ಪಠಾಣ ಡ್ರೈವರಿಗೂ ಮೇಜಿನ ಮೇಲೆ ಬೋಲ್ಟು ಜೋಡಿಸಿ ಅರ್ಥ ಮಾಡಿಸುತ್ತಾರೆ. ಆದರೆ ಯಾರೊಡನೆಯೂ ಪಂಥ ಕಟ್ಟುವುದಿಲ್ಲ. ಹೆದರಿಕೆಯಾ ಎಂದು ಒಮ್ಮೆ ಕೆಣಕಿದೆ. “ನನ್ನ ಪಂಥ ಸುಂದರಿ ಹತ್ರ ಮಾತ್ರ,” ಎಂದು ನಾಚಿದರು. ಸುಂದರಿ ಊರಿನಲ್ಲಿರುವ ಅವರ ಹೆಂಡತಿ. ದಿನವೂ ಫೋನಿನಲ್ಲಿ ಇಬ್ಬರಿಗೂ ಪಂಥ. ಸೋತವರು ಈವರೆಗೆ ಹೇಳದಿದ್ದ ಒಂದು ಮಾತನ್ನು ಹೇಳಬೇಕು. ಮದುವೆಯಾಗಿ ಹದಿನೇಳು ವರ್ಷವಾದರೂ ಅವರ ಮಾತು ಮುಗಿದಿಲ್ಲವಂತೆ. ಆ ದಿನವೇ ನಾನೂ ಮನೆಗೆ ಫೋನ್ ಮಾಡಿ ನಮ್ಮವಳಿಗೂ ಒಂದೂವರೆ ರನ್ನಿನ ಲೆಕ್ಕ ವಿವರಿಸಿದೆ. ಅವಳು ಪೂರ್ತಿ ಕೇಳಿ, “ನಿಮಗೆ ಜ್ವರ ಉಂಟಾ?” ಎಂದಳು. ಇಲ್ಲ ಎಂದೆ. ಆಮೇಲೆ ನಮ್ಮಿಬ್ಬರಿಗೂ ಮಾತು ಸಿಗಲಿಲ್ಲ.